1849ರ ಫೇರ್‌ಬೇರ್ನ್ ಪುಸ್ತಕ ಸಿಕ್ಕಿದೆ: ಕೊಳ್ಳಲಾ, ಬಿಡಲಾ?

ಕಬ್ಬಿಣದ_ಕಡಲೆ

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಈಗ ಇರುವುದು ಮ್ಯಾಂಚೆಸ್ಟರ್‌ನಲ್ಲಿ. ಹಳೇ ರೈಲು ಸೇತುವೆಗಳ ತಪಾಸಣೆ ನನ್ನ ಕೆಲಸ, ಅಂದರೆ ವಾರಕ್ಕೆ ಮೂರು ದಿನ ಮಳೆಯಲ್ಲಿ ನಿಂತು ತುಕ್ಕು ಹಿಡಿದ ರಿವೆಟ್ ಎಣಿಸುವುದು.

ಕಳೆದ ಶನಿವಾರ ಒಂದು ಹಳೇ ಪುಸ್ತಕದ ಮೇಳಕ್ಕೆ ಸುಮ್ನೆ ಹೋಗಿದ್ದೆ. ಅಲ್ಲಿ ಎಂಜಿನಿಯರ್ ವಿಲಿಯಂ ಫೇರ್‌ಬೇರ್ನ್ ಬರೆದ, ವೇಲ್ಸ್‌ನ ಬ್ರಿಟಾನಿಯಾ ಮತ್ತು ಕಾನ್ವೇ ಕೊಳವೆ ಸೇತುವೆಗಳ ಪುಸ್ತಕ ಕಾಣಿಸಿತು. 1849ರದು, ಲಂಡನ್ನಿನ ಜಾನ್ ವೀಲ್ ಪ್ರಕಟಣೆ. ಬೆನ್ನಿನ ಚರ್ಮ ಮೇಲ್ಗಡೆ ಸ್ವಲ್ಪ ಹರಿದಿದೆ, ಒಳಗೆ ಮಡಿಕೆ ಪ್ಲೇಟುಗಳಿವೆ, ಅಂದರೆ ಮಡಚಿ ಕೂರಿಸಿದ ದೊಡ್ಡ ಚಿತ್ರದ ಹಾಳೆಗಳು. ಬೆಲೆ ಕೇಳಿದರೆ ನಮ್ಮ ಮನೆಯ ಒಂದು ತಿಂಗಳ ದಿನಸಿ ಖರ್ಚು. ಶುಕ್ರವಾರದ ತನಕ ಬೇರೆ ಯಾರಿಗೂ ಕೊಡಲ್ಲ ಅಂತ ಅಂಗಡಿಯವರು ಎತ್ತಿಟ್ಟಿದ್ದಾರೆ.

ಹೆಂಡತಿ ಕೇಳುವುದು ಒಂದೇ ಪ್ರಶ್ನೆ. ಇದೇ ಪುಸ್ತಕ ಇಂಟರ್ನೆಟ್‌ನಲ್ಲಿ ಪುಕ್ಕಟೆ ಇದೆಯಲ್ಲ, ಮತ್ಯಾಕೆ? ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇದ್ದರೆ ಗುರುವಾರದೊಳಗೆ ಹೇಳಿ.

ಹಳೇ_ರಟ್ಟು

ನಿಮ್ಮ ಮನೆಯವರ ಪ್ರಶ್ನೆಗೆ ಮೊದಲು ಉತ್ತರ. ಆ ಪುಕ್ಕಟೆ ಸ್ಕ್ಯಾನ್ ತೆರೆದು ಪ್ಲೇಟು ಇರುವ ಕಡೆ ಹೋಗಿ ನೋಡಿ. ತುಂಬಾ ಸ್ಕ್ಯಾನ್‌ಗಳಲ್ಲಿ ಮಡಿಕೆ ಹಾಳೆಯನ್ನು ಬಿಡಿಸದೆಯೇ ಯಂತ್ರದ ಕೆಳಗೆ ಇಟ್ಟಿರುತ್ತಾರೆ. ಸೇತುವೆಯ ಎಡಗಡೆಯ ಕಾಲು ಭಾಗ ಕಾಣಿಸುತ್ತದೆ, ಮಿಕ್ಕದ್ದು ಮಡಿಕೆಯೊಳಗೆ. ಪಠ್ಯ ಓದುವುದಕ್ಕೆ ಸ್ಕ್ಯಾನ್ ಧಾರಾಳ ಸಾಕು, ನಾನೂ ಹಾಗೇ ಓದುವುದು. ಆದರೆ ಈ ಜಾತಿಯ ಪುಸ್ತಕದಲ್ಲಿ ಚಿತ್ರವೇ ಪುಸ್ತಕ. ಚಿತ್ರಕ್ಕೆ ವಿವರಣೆ ಕೊಡುವುದಕ್ಕೆ ಪಠ್ಯ ಇದೆ ಅಷ್ಟೆ.

ಈಗ ನನ್ನ ಪ್ರಶ್ನೆ. ಪ್ಲೇಟು ಎಣಿಸಿದಿರಾ? ಪುಸ್ತಕದ ಮುಂದೆ ಪ್ಲೇಟುಗಳ ಪಟ್ಟಿ ಇರುತ್ತದೆ, ಕೆಲವು ಪುಸ್ತಕಗಳಲ್ಲಿ ಯಾವ ಪ್ಲೇಟು ಎಲ್ಲಿ ಕೂರಿಸಬೇಕು ಅಂತ ಬೈಂಡರ್‌ಗೆ ಸೂಚನೆ ಇರುತ್ತದೆ. ಪಟ್ಟಿ ಹಿಡಿದು ಒಂದೊಂದೇ ತಾಳೆ ನೋಡಬೇಕು. ಅಂಗಡಿಯವರು 'ಪೂರ್ತಿ ಇದೆ' ಅಂದರೆ ಅವರು ಎಣಿಸಿದ್ದಾರೆ ಅಂತ ಅರ್ಥ ಅಲ್ಲ. ನಾನು ಮೂವತ್ತು ವರ್ಷದಿಂದ ಇದರಲ್ಲಿ ಕೈ ಸುಟ್ಟುಕೊಂಡವನು, ನಂಬಿ.

ಸುಮ್ನೆ_ಓದೋನು

ಬೇಜಾರು ಮಾಡಿಕೊಳ್ಳಬೇಡಿ ಸರ್, ಒಂದು ನೇರ ಪ್ರಶ್ನೆ. ಬ್ರಿಟಾನಿಯಾ ಸೇತುವೆ 1970ರಲ್ಲಿ ಸುಟ್ಟು ಹೋಯಿತಲ್ವಾ? ಇಲ್ಲದ ಸೇತುವೆ, ಯಾರೂ ಈಗ ಬಳಸದ ವಿನ್ಯಾಸ. ಅಷ್ಟು ದುಡ್ಡು ಯಾಕೆ?

ಕಬ್ಬಿಣದ_ಕಡಲೆ

ಬೇಜಾರೇನಿಲ್ಲ. ಹೌದು, 1970ರ ಮೇ ತಿಂಗಳಲ್ಲಿ. ಒಳಗೆ ಬಾವಲಿ ಹುಡುಕಲು ಹೋದ ಹುಡುಗರು ಹಚ್ಚಿಕೊಂಡಿದ್ದ ಪಂಜಿನಿಂದ ಬೆಂಕಿ ಹತ್ತಿತು ಅಂತ ಹೇಳುತ್ತಾರೆ. ಮೇಲಿನ ಚಾವಣಿ ಮರದ್ದು, ಅದಕ್ಕೆ ಟಾರು ಬಳಿದಿದ್ದರು, ಕೇಳಬೇಕಾ. ಕೊಳವೆಗಳು ಜೋತು ಬಿದ್ದವು. ಈಗ ಅಲ್ಲಿ ಉಕ್ಕಿನ ಕಮಾನು, ಕೆಳಗೆ ರೈಲು, ಮೇಲೆ ರಸ್ತೆ. ಹಳೇ ಕೊಳವೆಯ ಒಂದು ತುಂಡನ್ನು ಪಕ್ಕದಲ್ಲೇ ಇಟ್ಟಿದ್ದಾರೆ. ಹೋಗಿ ಮುಟ್ಟಿ ಬಂದಿದ್ದೇನೆ.

ನನಗೆ ಅದರ ಕಥೆಯೇ ಹುಚ್ಚು ಹಿಡಿಸಿದ್ದು. ವೇಲ್ಸ್‌ನ ಮೆನಾಯ್ ಜಲಸಂಧಿ ದಾಟಿ ಹೋಲಿಹೆಡ್‌ಗೆ ರೈಲು ಹೋಗಬೇಕು. ಹಡಗುಗಳು ಪಟಸ್ತಂಭದ ಸಮೇತ ಕೆಳಗೆ ದಾಟಬೇಕು, ಆದ್ದರಿಂದ ಕಮಾನು ಕಟ್ಟಬೇಡಿ ಅಂತ ನೌಕಾಪಡೆಯವರು ಹಟ ಹಿಡಿದರು. ಆ ರೈಲು ಮಾರ್ಗದ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್‌ಗೆ ಹೊಳೆದ ದಾರಿ ಏನೆಂದರೆ, ರೈಲು ಒಳಗೇ ಓಡುವಷ್ಟು ದೊಡ್ಡ ಕಬ್ಬಿಣದ ಕೊಳವೆ. ನಡುವಿನ ಎರಡು ಅಂಕಣ, ಅಂದರೆ ಗೋಪುರದಿಂದ ಗೋಪುರಕ್ಕೆ ಇರುವ ಅಂತರ, ತಲಾ 460 ಅಡಿ. ಅಲ್ಲಿಯವರೆಗೆ ಯಾರೂ ಅಂಥ ತೊಲೆ ಮಾಡಿರಲಿಲ್ಲ. ಲೆಕ್ಕ ಹಾಕಲು ಸೂತ್ರವೂ ಇರಲಿಲ್ಲ.

ಅದಕ್ಕೇ ಫೇರ್‌ಬೇರ್ನ್‌ನನ್ನು ಕರೆದರು. ಇದೇ ಮ್ಯಾಂಚೆಸ್ಟರ್‌ನ ಆಂಕೋಟ್ಸ್‌ನಲ್ಲಿ ಅವನ ಕಾರ್ಖಾನೆ, ನಾನು ದಿನಾ ಬಸ್ಸಿನಲ್ಲಿ ಹೋಗುವ ದಾರಿ. ಲಂಡನ್ನಿನ ಮಿಲ್‌ವಾಲ್‌ನಲ್ಲಿ ಅವನಿಗೊಂದು ಹಡಗು ಕಟ್ಟೆ ಇತ್ತು. ಅಲ್ಲಿ 1845ರಿಂದ ಕೊಳವೆ ಮಾಡಿ ಮಾಡಿ ಭಾರ ಹೇರಿ ಮುರಿದ. ಮೊದಲು ದುಂಡಗಿನದು, ಆಮೇಲೆ ಮೊಟ್ಟೆ ಆಕಾರದ್ದು, ಕೊನೆಗೆ ಚೌಕದ್ದು. ತೆಳು ತಗಡಿನ ಕೊಳವೆಗಳು ಮತ್ತೆ ಮತ್ತೆ ಸೋಲುತ್ತಿದ್ದುದು ಮೇಲ್ಗಡೆಯೇ. ಕೆಳಗಿನ ತಗಡು ಹರಿಯುವ ಮೊದಲೇ ಮೇಲಿನದು ಒತ್ತಡಕ್ಕೆ ಸುಕ್ಕುಗಟ್ಟುತ್ತಿತ್ತು, ಖಾಲಿ ಡಬ್ಬ ಒತ್ತಿದ ಹಾಗೆ. ಆಗ ಮೇಲ್ಭಾಗಕ್ಕೆ ಚಿಕ್ಕ ಚಿಕ್ಕ ಪೆಟ್ಟಿಗೆಯ ಸಾಲು ಕೂರಿಸಿದರು. ಕೊನೆಗೆ ಆರನೇ ಒಂದು ಅಳತೆಯ ಮಾದರಿ ಮಾಡಿ, 75 ಅಡಿ ಅಂಕಣದ ಮೇಲಿಟ್ಟು, ಮುರಿಯುವುದು, ರಿಪೇರಿ ಮಾಡುವುದು, ಮತ್ತೆ ಮುರಿಯುವುದು. ತೆಳು ತಗಡು ಹೇಗೆ ಸುಕ್ಕಾಗುತ್ತದೆ ಅಂತ ಈಗ ನಾವು ಕಾಲೇಜಿನಲ್ಲಿ ಅರ್ಧ ಗಂಟೆಯಲ್ಲಿ ಓದಿ ಮುಗಿಸುತ್ತೇವೆ. ಇವರು ಅದನ್ನು ಕಣ್ಣಾರೆ ಮೊದಲ ಸಲ ನೋಡಿದವರು.

ಮುರಿದ ಕೊಳವೆಯ ಚಿತ್ರಗಳೂ ಪುಸ್ತಕದಲ್ಲಿವೆ. ಸೋತದ್ದನ್ನು ಚಿತ್ರ ಬರೆಸಿ ಅಚ್ಚು ಹಾಕಿದ ಎಂಜಿನಿಯರ್ ಈಗ ಎಷ್ಟು ಜನ ಸಿಗುತ್ತಾರೆ ಹೇಳಿ.

ಹಳೇ_ರಟ್ಟು

ಚೆನ್ನಾಗಿ ಹೇಳಿದಿರಿ, ಆದರೆ ಅರ್ಧ ಕಥೆ. ಈ ಪುಸ್ತಕ ಒಂದು ಜಗಳದ ಕಾಗದ ಅನ್ನುವುದನ್ನು ಮರೆಯಬೇಡಿ. ಹೆಸರು ಪೂರ್ತಿ ಸ್ಟೀಫನ್‌ಸನ್ ಪಾಲಾಗುತ್ತಿದೆ ಅಂತ ಫೇರ್‌ಬೇರ್ನ್‌ಗೆ ಸಿಟ್ಟು. 1848ರಲ್ಲಿ ಕೆಲಸ ಬಿಟ್ಟ. ಮರು ವರ್ಷವೇ, ಬ್ರಿಟಾನಿಯಾ ಸೇತುವೆ ಇನ್ನೂ ಮುಗಿದಿರಲೇ ಇಲ್ಲ, ತನ್ನ ಪುಸ್ತಕ ಹೊರಗೆ ತಂದ. ತಮ್ಮಿಬ್ಬರ ನಡುವಿನ ಪತ್ರಗಳನ್ನೆಲ್ಲ ಅದರಲ್ಲಿ ಹಾಕಿದ. ಇವತ್ತು ಸ್ಕ್ರೀನ್‌ಶಾಟ್ ಹಾಕುವುದು ಅಂತಾರಲ್ಲ, ಅದೇ.

ಉತ್ತರವಾಗಿ 1850ರಲ್ಲಿ ಎಡ್ವಿನ್ ಕ್ಲಾರ್ಕ್ ಪುಸ್ತಕ ಬಂತು. ಕ್ಲಾರ್ಕ್ ಸ್ಥಳದಲ್ಲೇ ಇದ್ದ ಎಂಜಿನಿಯರ್, ಸ್ಟೀಫನ್‌ಸನ್ ಕಡೆಯವನು, ಅವನ ಒಪ್ಪಿಗೆ, ಮೇಲ್ವಿಚಾರಣೆಯಲ್ಲೇ ಬರೆದದ್ದು. ಎರಡು ಸಂಪುಟ ಪಠ್ಯ, ಜೊತೆಗೆ ದೊಡ್ಡ ಅಳತೆಯ ಪ್ಲೇಟುಗಳದೇ ಒಂದು ಸಂಪುಟ. ಒಂದೇ ಸೇತುವೆ, ಎರಡು ಪುಸ್ತಕ, ಎರಡು ಪಕ್ಷ. ಒಂದನ್ನೇ ಇಟ್ಟುಕೊಂಡರೆ ಒಂದೇ ಕಡೆಯ ವಕೀಲರ ವಾದ ಕೇಳಿದ ಹಾಗೆ.

ಸರಪಳಿಯ ವಿಷಯ ನೋಡಿ. ಕೊಳವೆ ಒಂದೇ ತಡೆಯುತ್ತದೋ ಇಲ್ಲವೋ ಅಂತ ಮೊದಲು ಅನುಮಾನ ಇತ್ತು, ಮೇಲಿಂದ ಸರಪಳಿ ಹಾಕಿ ಹಿಡಿಯಬೇಕು ಅಂತಿದ್ದರು. ಗಣಿತ ನೋಡುತ್ತಿದ್ದ ಈಟನ್ ಹಾಡ್‌ಕಿನ್‌ಸನ್‌ಗೂ ಅದೇ ಭಯ. ಬೇಡ, ಕೊಳವೆಯೇ ಸಾಕು ಅಂತ ಫೇರ್‌ಬೇರ್ನ್ ಪಟ್ಟು ಹಿಡಿದ, ಅವನೇ ಸರಿಯಾದ. ಆದರೆ ಗೋಪುರಗಳನ್ನು ಸರಪಳಿಗೆ ಬೇಕಾದಷ್ಟು ಎತ್ತರಕ್ಕೇ ಕಟ್ಟಿದರು. ಸರಪಳಿ ಹಾಯಲು ಬಿಟ್ಟ ಕಂಡಿಗಳು ಇವತ್ತಿಗೂ ಖಾಲಿ ಇವೆ. ಇಡೀ ಸೇತುವೆಯ ಪ್ಲೇಟು ಸಿಕ್ಕರೆ ಮೊದಲು ಆ ಖಾಲಿ ಕಂಡಿಗಳನ್ನು ನೋಡಿ. ಜಗಳ ಅಲ್ಲೇ ಇದೆ.

ಧಾರವಾಡದ_ಅಕ್ಕ

ಪ್ಲೇಟು ಎಣಿಸೋ ಮಾತು ಬಂತಲ್ಲ, ನಾ ಮೋಸ ಹೋದದ್ದು ಹೇಳತೇನಿ ಕೇಳ್ರಿ.

ವಿಲಿಯಂ ಹಂಬರ್‌ನ ಕಬ್ಬಿಣದ ಸೇತುವೆಗಳ ಪುಸ್ತಕ, 1860ರ ದಶಕದ ಪ್ರತಿ, ಆನ್‌ಲೈನ್‌ನಲ್ಲಿ ತರಿಸಿದೆ. ಪ್ಲೇಟುಗಳ ಸಂಪುಟ ಮಾತ್ರ. ಫೋಟೋದಾಗ ಭಾಳ ಚಂದ ಇತ್ತು. 'ಪ್ಲೇಟುಗಳು ಪೂರ್ಣ' ಅಂತ ಬರೆದಿದ್ದರು. ಬಂದ ಮೇಲೆ ಮೇಜಿನ ಮೇಲೆ ಹಾಸಿಕೊಂಡು ನಿಧಾನ ತಿರುವಿದೆ. ಒಂದು ಕಡೆ ಬಂದಾಗ ಏನೋ ಸರಿ ಇಲ್ಲ ಅನ್ನಿಸಿತು. ಒಂದು ಹಾಳೆಯ ಖಾಲಿ ಬೆನ್ನಿನ ಮೇಲೆ ತೆಳು ಕಂದು ಬಣ್ಣದ ಕಮಾನಿನ ನೆರಳು ಇದೆ, ಕನ್ನಡಿಯೊಳಗೆ ಕಂಡ ಹಾಗೆ ತಿರುಗುಮುರುಗು. ಎದುರಿಗಿನ ಹಾಳೆಯಲ್ಲಿ ಕಮಾನೇ ಇಲ್ಲ! ಅಲ್ಲಿರುವುದು ಸೀದಾ ಗರ್ಡರ್.

ನೂರೈವತ್ತು ವರ್ಷ ಮುಖಾಮುಖಿ ಒತ್ತಿ ಕುಂತಿದ್ದಕ್ಕ ಮಸಿಯ ಎಣ್ಣೆ ಎದುರಿನ ಕಾಗದಕ್ಕೆ ಇಳಿದಿತ್ತು. ನಡುವಿನ ಕಮಾನಿನ ಪ್ಲೇಟು ಯಾರೋ ಬ್ಲೇಡಿನಲ್ಲಿ ಕುಯ್ದು ತೆಗೆದಿದ್ದಾರೆ. ಬುಡದಾಗ ಅರ್ಧ ಬೆರಳಿನಷ್ಟು ಕಾಗದದ ಪಟ್ಟಿ ಉಳಿದಿತ್ತು. ಹೀಗೇ ಹುಡುಕಿದರೆ ಒಟ್ಟು ಮೂರು ಪ್ಲೇಟು ಇಲ್ಲ. ಮಾರಿದವರಿಗೆ ಬರೆದರೆ 'ಹಳೇ ಪುಸ್ತಕ, ಇದ್ದ ಹಾಗೇ ಮಾರಿದ್ದು' ಅಂದರು. ಒಂದು ತಿಂಗಳು ಜಗಳ ಮಾಡಿ ಅರ್ಧ ದುಡ್ಡು ವಾಪಸ್ ಬಂತು ನೋಡ್ರಿ.

ಪುಸ್ತಕ ವಾಪಸ್ ಕೊಡಲಿಲ್ಲ. ಆ ನೆರಳು ನನಗೆ ಇಷ್ಟ ಆಗಿಬಿಟ್ಟಿದೆ.

ಲಾಲ್‌ಬಾಗ್_ವಾಕರ್

ಅಕ್ಕ, ಆ ನೆರಳಿನ ಫೋಟೋ ಹಾಕಿ ದಯವಿಟ್ಟು.

ನಂದು ಬೇರೆ ಹುಚ್ಚು. ಪುಸ್ತಕಕ್ಕಿಂತ ಕ್ಯಾಟಲಾಗ್. ನಮ್ಮ ಲಾಲ್‌ಬಾಗ್ ಗಾಜಿನ ಮನೆಯ ಬೀಡು ಕಬ್ಬಿಣ ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಅವರ ಸ್ಯಾರಸನ್ ಫೌಂಡ್ರಿಯದು. ಅಡಿಗಲ್ಲು ಹಾಕಿದ್ದು 1889ರ ನವೆಂಬರ್ 30. ಆ ಫೌಂಡ್ರಿಯವರು ದಪ್ಪ ದಪ್ಪ ಸಚಿತ್ರ ಕ್ಯಾಟಲಾಗ್ ಅಚ್ಚು ಹಾಕಿಸುತ್ತಿದ್ದರು. ಕಂಬ, ಕಟಕಟೆ, ಕಾರಂಜಿ, ಮಳೆನೀರಿನ ಕೊಳವೆ, ಬ್ಯಾಂಡ್‌ಸ್ಟ್ಯಾಂಡ್, ಎಲ್ಲಕ್ಕೂ ಒಂದೊಂದು ನಂಬರ್. ನಂಬರ್ ಬರೆದು ಆರ್ಡರ್ ಕಳಿಸಿದರೆ ಸಾಮಾನು ಹಡಗಿನಲ್ಲಿ ಬರುತ್ತಿತ್ತು, ಇಲ್ಲಿ ಬೋಲ್ಟ್ ಹಾಕಿ ನಿಲ್ಲಿಸುವುದು. ಈಗ ಮೊಬೈಲಿನಲ್ಲಿ ಮಂಚ ತರಿಸಿ ನಾವೇ ಜೋಡಿಸಿಕೊಳ್ಳುವುದಿಲ್ಲವಾ, ಹಾಗೇ.

ನನ್ನ ಹತ್ತಿರ ಅದರ ಬಿಡಿ ಹಾಳೆಗಳು ಹನ್ನೊಂದು ಇವೆ. ಬೆಳಿಗ್ಗೆ ವಾಕಿಂಗ್ ಹೋಗುವಾಗ ಅವುಗಳ ಝೆರಾಕ್ಸ್ ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ. ಗಾಜಿನ ಮನೆಯ ಒಂದು ಬ್ರಾಕೆಟ್ಟಿನ ಬಳ್ಳಿ, ಹಾಳೆಯ ಮೇಲಿರುವ ಬಳ್ಳಿಯ ಹಾಗೇ ಇದೆ ಅಂತ ನನಗೆ ಅನುಮಾನ. ಎರಡು ವರ್ಷದಿಂದ ನೋಡುತ್ತಿದ್ದೇನೆ. ಸೆಕ್ಯೂರಿಟಿಯವರು ನನ್ನನ್ನು ಅನುಮಾನದಿಂದ ನೋಡುತ್ತಾರೆ.

ಸುಮ್ನೆ_ಓದೋನು

ಗಾಜಿನ ಮನೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನ ನಕಲು ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ದರು.

ಲಾಲ್‌ಬಾಗ್_ವಾಕರ್

ಸ್ಫೂರ್ತಿ ಅನ್ನಿ, ಒಪ್ಪುತ್ತೇನೆ. ನಕಲು ಅಂದರೆ ಅಳತೆಯಲ್ಲೇ ಸಿಕ್ಕಿಬೀಳುತ್ತೀರಿ. ಕ್ರಿಸ್ಟಲ್ ಪ್ಯಾಲೇಸ್ 1,848 ಅಡಿ ಉದ್ದ ಇತ್ತು. ನಮ್ಮದು ಸುಂದರಿ, ಆದರೆ ಸಣ್ಣವಳು. ಮೇಲಾಗಿ 1935ರಲ್ಲಿ ಸೇರಿಸಿದ ಭಾಗಕ್ಕೆ ಭದ್ರಾವತಿಯ ಉಕ್ಕು ಬಂತು, ಅದು ನಮ್ಮದೇ.

ಕ್ರಿಸ್ಟಲ್ ಪ್ಯಾಲೇಸ್‌ನ ಲೆಕ್ಕಾಚಾರ ಬೇಕಾದರೆ ಚಾರ್ಲ್ಸ್ ಡೌನ್ಸ್ ನಕ್ಷೆ, ಚಾರ್ಲ್ಸ್ ಕೌಪರ್ ಪಠ್ಯ ಇರುವ 1852ರ ಪುಸ್ತಕ ನೋಡಬೇಕು. ಅದೂ ಜಾನ್ ವೀಲ್ ಪ್ರಕಟಣೆಯೇ. ಇಡೀ ಕಟ್ಟಡ 24 ಅಡಿಯ ಚೌಕಗಳ ಮೇಲೆ ನಿಂತಿತ್ತು, ಕಂಬಗಳು ಪೊಳ್ಳು, ಚಾವಣಿಯ ಮಳೆನೀರು ಕಂಬದೊಳಗಿಂದಲೇ ಇಳಿಯುತ್ತಿತ್ತು. ಕಂಬದ ಸೀಳು ಚಿತ್ರ ನೋಡಿದರೆ ಗೊತ್ತಾಗುತ್ತದೆ. ಮೂಲ ಪ್ರತಿ ನನ್ನ ಕೈಗೆ ಎಟುಕುವುದಿಲ್ಲ, ಮರುಮುದ್ರಣ ಇಟ್ಟುಕೊಂಡಿದ್ದೇನೆ. ಅದಕ್ಕೆ ನಾಚಿಕೆ ಏನಿಲ್ಲ.

ತೀರ್ಥಹಳ್ಳಿ_ಮಳೆ

ಕೊಳ್ಳುವುದು ಆಯಿತು, ಇಟ್ಟುಕೊಳ್ಳುವುದು ಹೇಗೆ ಅಂತ ಯಾರೂ ಮಾತಾಡುತ್ತಿಲ್ಲವಲ್ಲ ಮಾರಾಯ್ರೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಉಪ್ಪಿನಕಾಯಿಗೂ ಬೂಸ್ಟು, ಪುಸ್ತಕಕ್ಕೂ ಬೂಸ್ಟು. ನನ್ನ ತಾತ ಪಿಡಬ್ಲ್ಯೂಡಿಯಲ್ಲಿದ್ದವರು. ಅವರು ಬಿಟ್ಟುಹೋದ ರ‍್ಯಾಂಕಿನ್‌ನ ಸಿವಿಲ್ ಎಂಜಿನಿಯರಿಂಗ್ ಕೈಪಿಡಿ, ಮತ್ತೆ ರೂರ್ಕಿ ಥಾಮಸನ್ ಕಾಲೇಜಿನ ಪ್ರೆಸ್ಸಿನಲ್ಲಿ ಅಚ್ಚಾದ ಕೆಲವು ಸಂಪುಟಗಳು ನನ್ನ ಹತ್ತಿರ ಇವೆ. ಅವುಗಳನ್ನು ಉಳಿಸಿಕೊಂಡದ್ದೇ ದೊಡ್ಡ ಸಾಹಸ.

ಕಲಿತದ್ದು ಇಷ್ಟು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಇಡಬೇಡಿ, ಒಳಗಿನ ತೇವ ಒಳಗೇ ಬೇಯುತ್ತದೆ. ಹೊರಗೋಡೆಗೆ ಅಂಟಿಸಿದ ಕಪಾಟು ಬೇಡ. ನಡುಮನೆಯ ಒಳಗೋಡೆಯ ಹತ್ತಿರ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಡಿ. ಮಳೆ ಬಿಟ್ಟ ದಿನ ಕಪಾಟಿನ ಬಾಗಿಲು ತೆಗೆದು ಫ್ಯಾನ್ ಹಾಕಿ. ಬಿಸಿಲಿಗೆ ಒಣಗಿಸುತ್ತೇನೆ ಅಂತ ಅಂಗಳಕ್ಕೆ ತರಬೇಡಿ, ಚರ್ಮದ ಬೆನ್ನು ಹಪ್ಪಳ ಆಗುತ್ತದೆ. ಡಾಂಬರು ಗುಳಿಗೆಯನ್ನು ಪುಟದ ನಡುವೆ ಇಡುವವರಿದ್ದಾರೆ, ದಮ್ಮಯ್ಯ, ಇಡಬೇಡಿ. ಬೇವಿನ ಎಲೆಯೂ ಅಷ್ಟೆ. ಅದರ ಕಲೆ ಪ್ಲೇಟಿನ ಮೇಲೆ ಎಲೆಯ ಆಕಾರದಲ್ಲೇ ಕೂತಿದೆ ನಮ್ಮ ತಾತನ ಪುಸ್ತಕದಲ್ಲಿ.

ಮಡಿಕೆ ಹರಿದಿದ್ದರೆ ಸೆಲ್ಲೋಟೇಪ್ ಹಚ್ಚಬೇಡಿ. ಹತ್ತು ವರ್ಷಕ್ಕೆ ಟೇಪು ಉದುರಿ ಬೀಳುತ್ತದೆ, ಹಳದಿ ಅಂಟು ಮಾತ್ರ ಶಾಶ್ವತ.

ಹಳೇ_ರಟ್ಟು

ಮಳೆಯವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. 1840ರಿಂದ ಮುಂದಿನ ಒಂದಿಷ್ಟು ವರ್ಷ ಪ್ಲೇಟು ಪುಸ್ತಕಗಳಿಗೆ ಒಂದು ಹೊಸ ಬೈಂಡಿಂಗ್ ಬಂದಿತ್ತು. 1836ರಲ್ಲಿ ವಿಲಿಯಂ ಹ್ಯಾನ್‌ಕಾಕ್ ಪೇಟೆಂಟ್ ತೆಗೆದದ್ದು. ಹೊಲಿಗೆಯೇ ಇಲ್ಲ, ಬಿಡಿ ಹಾಳೆಗಳ ಬುಡಕ್ಕೆ ರಬ್ಬರು ಅಂಟು ಬಳಿದು ಕೂರಿಸುವುದು. ಹೊಸದರಲ್ಲಿ ಅದ್ಭುತ, ಪುಸ್ತಕ ಪೂರ್ತಿ ಹರಡಿಕೊಳ್ಳುತ್ತದೆ. ಆದರೆ ರಬ್ಬರು ಕಾಲಕ್ರಮೇಣ ಒಣಗಿ ಪುಡಿಯಾಗುತ್ತದೆ. ಈಗ ಅಂಥ ಪುಸ್ತಕ ತೆರೆದರೆ ಪ್ಲೇಟುಗಳು ಇಸ್ಪೀಟೆಲೆ ಹಾಗೆ ಕೆಳಗೆ ಸುರಿಯುತ್ತವೆ. ನೋಡಿ ಗಾಬರಿ ಆಗಬೇಡಿ, ಎಲ್ಲ ಇದ್ದರೆ ಅದು ಪೂರ್ತಿ ಪುಸ್ತಕವೇ. ಒಳ್ಳೆಯ ಬೈಂಡರ್ ಸಿಕ್ಕರೆ ಪಟ್ಟಿ ಕಟ್ಟಿ ಕೂರಿಸುತ್ತಾರೆ. ಸಿಗುವ ತನಕ ಪೆಟ್ಟಿಗೆಯಲ್ಲಿಡಿ. ನನ್ನದೊಂದನ್ನು ಅವಸರದಲ್ಲಿ ಒಬ್ಬರ ಕೈಗೆ ಕೊಟ್ಟೆ, ಅವರು ಅಂಚು ಸಮ ಮಾಡುತ್ತೇನೆ ಅಂತ ಕತ್ತರಿ ಯಂತ್ರಕ್ಕೆ ಹಾಕಿ ಪ್ಲೇಟಿನ ಕೆಳಗಿದ್ದ ಲಿಥೋಗ್ರಾಫರ್ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕುವವರು) ಹೆಸರನ್ನೇ ಹಾರಿಸಿಬಿಟ್ಟರು.

ಫ್ರೇಮ್_ಹಾಕ್ಸೋಣ

ಹೊಸಬ ನಾನು. ಇಂಟೀರಿಯರ್ ಕೆಲಸ ಮಾಡುತ್ತೇನೆ. ಒಬ್ಬ ಕ್ಲೈಂಟ್‌ಗೆ ಹಳೇ ಸೇತುವೆಯ ಚಿತ್ರಗಳು ಗೋಡೆಗೆ ಬೇಕು. ಒಂದು ಪುಸ್ತಕ ತಗೊಂಡು ಹಾಳೆ ಬಿಡಿಸಿ ಫ್ರೇಮ್ ಹಾಕಿಸಿದರೆ ಒಂದೊಂದಕ್ಕೂ ಒಳ್ಳೆ ಬೆಲೆ ಸಿಗುತ್ತದೆ ಅಲ್ವಾ? ಯಾವ ಪುಸ್ತಕ ತಗೊಳ್ಳಲಿ?

ಧಾರವಾಡದ_ಅಕ್ಕ

ತಮ್ಮಾ, ನನ್ನ ಮೂರು ಪ್ಲೇಟು ಕುಯ್ದವನೂ ನಿನ್ನ ಹಂಗೇ ಯೋಚನೆ ಮಾಡಿದ್ದ.

ಹಳೇ_ರಟ್ಟು

ಅಕ್ಕ, ಪಾಪ ಅವರಿಗೆ ಗೊತ್ತಿಲ್ಲ, ಬೈಯಬೇಡಿ. ನೋಡಿ ಫ್ರೇಮ್ ಅವರೇ, ಪೂರ್ತಿ ಇರುವ ಪುಸ್ತಕವನ್ನು ಒಡೆಯುವುದು ನಿಮ್ಮ ಹಕ್ಕು, ಯಾರೂ ತಡೆಯಲಾರರು. ನಾನು ನಿಮಗೆ ಮಾರುವುದಿಲ್ಲ ಅಷ್ಟೆ. ನಿಮಗೆ ಬೇಕಾದ್ದಕ್ಕೆ ಬೇರೆ ದಾರಿ ಇದೆ. 'ದಿ ಎಂಜಿನಿಯರ್' 1856ರಿಂದ, 'ಎಂಜಿನಿಯರಿಂಗ್' 1866ರಿಂದ ಬರುತ್ತಿದ್ದ ವಾರಪತ್ರಿಕೆಗಳು. ಅವುಗಳ ರಟ್ಟು ಹೋದ, ಅರ್ಧ ಪುಟ ಕಳೆದುಹೋದ ಸಂಪುಟಗಳು ಸಿಗುತ್ತವೆ. ಮೊದಲೇ ಸತ್ತವು. ಅವುಗಳ ಹಾಳೆ ಗೋಡೆಗೆ ಹೋದರೆ ನನಗೇನೂ ತಕರಾರಿಲ್ಲ. ಇನ್ನೂ ಒಳ್ಳೆಯದು, ಒಳ್ಳೇ ಸ್ಕ್ಯಾನ್ ತೆಗೆದು ದಪ್ಪ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಸೋಫಾದ ಮೇಲಿರುವ ಚಿತ್ರವನ್ನು ಯಾರೂ ಭೂತಗನ್ನಡಿ ಹಿಡಿದು ನೋಡುವುದಿಲ್ಲ.

ಲಾಲ್‌ಬಾಗ್_ವಾಕರ್

ನನ್ನ ಹನ್ನೊಂದು ಹಾಳೆಗಳೂ ಯಾರೋ ಒಡೆದ ಕ್ಯಾಟಲಾಗ್‌ನಿಂದಲೇ ಬಂದವು. ಕೊಂಡು ನಾನೂ ಅದಕ್ಕೆ ಗೊಬ್ಬರ ಹಾಕಿದೆ ಅನ್ನಿ. ಸುಮ್ನೆ ಒಪ್ಪಿಕೊಳ್ಳುತ್ತಿದ್ದೇನೆ.

ಬಿಇ_ಸಿವಿಲ್_ಫೈನಲ್

ಸ್ಟೂಡೆಂಟ್ ಬಜೆಟ್‌ನಲ್ಲಿ ಶುರು ಮಾಡಬೇಕಾದರೆ ಏನು ತಗೋಬೇಕು ಸರ್? ಮತ್ತೆ ಭೂತಗನ್ನಡಿಯಲ್ಲಿ ಏನು ನೋಡುತ್ತೀರಿ?

ಹಳೇ_ರಟ್ಟು

ಶಹಬ್ಬಾಸ್, ಎರಡನೇ ಪ್ರಶ್ನೆ ಕೇಳಿದೆಯಲ್ಲ, ನೀನು ಉದ್ಧಾರ ಆಗುತ್ತೀಯ.

ಹತ್ತು ಪಟ್ಟು ದೊಡ್ಡದು ಮಾಡುವ ಗಡಿಯಾರ ರಿಪೇರಿಯವರ ಕನ್ನಡಿ ಇಟ್ಟುಕೋ. ತಾಮ್ರ ಅಥವಾ ಉಕ್ಕಿನ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಚಿತ್ರವಾದರೆ ಗೆರೆಯ ಮಸಿ ಕಾಗದದಿಂದ ಸ್ವಲ್ಪ ಮೇಲೆದ್ದಿರುತ್ತದೆ, ಬೆರಳ ತುದಿಗೆ ಹತ್ತುತ್ತದೆ. ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಗುರುತು ಇರುತ್ತದೆ. ಲಿಥೋ ಆದರೆ ಎಲ್ಲ ಸಪಾಟು, ನೆರಳು ಬರುವ ಕಡೆ ಸೀಮೆಸುಣ್ಣ ಉಜ್ಜಿದಂಥ ಮರಳು ಮರಳು. ಮರದ ಕೆತ್ತನೆಯಾದರೆ ಕಪ್ಪಿನೊಳಗೆ ಬಿಳಿ ಗೆರೆ ಕಾಣುತ್ತದೆ. ಕೆತ್ತುವ ಬಾಕ್ಸ್‌ವುಡ್ ಮರ ಸಣ್ಣದು, ದೊಡ್ಡ ಚಿತ್ರಕ್ಕೆ ಹಲವು ತುಂಡು ಸೇರಿಸಿ ಬೋಲ್ಟ್ ಹಾಕುತ್ತಿದ್ದರು. ತುಂಡು ಕೂಡುವ ಕಡೆ ಕೂದಲೆಳೆಯಷ್ಟು ಬಿಳಿ ಸೀಳು ಆಕಾಶದ ಮಧ್ಯದಿಂದ ಸೇತುವೆಯನ್ನೂ ದಾಟಿ ನೀರಿನ ತನಕ ನೇರ ಇಳಿದಿರುತ್ತದೆ. ಮೊದಲ ಸಲ ಅದು ಕಂಡಾಗ ನಾನು ಕಾಗದ ಮಡಿಕೆ ಬಿದ್ದಿದೆ ಅಂತ ಉಜ್ಜಿ ನೋಡಿದ್ದೆ!

ಬಜೆಟ್ ವಿಷಯ. ವೀಲ್ ಅವರದೇ ರೂಡಿಮೆಂಟರಿ ಮಾಲೆ ಅಂತ ಕೈ ಅಳತೆಯ ಪುಸ್ತಕಗಳಿವೆ, ಕೆಲಸ ಕಲಿಯುವವರಿಗೆ ಅಂತ ಅಗ್ಗಕ್ಕೆ ಮಾಡಿದ್ದು, ಈಗಲೂ ಅಗ್ಗ. ಸ್ಯಾಮ್ಯುಯಲ್ ಸ್ಮೈಲ್ಸ್‌ನ ಎಂಜಿನಿಯರುಗಳ ಜೀವನಚರಿತ್ರೆಯ ಆಮೇಲಿನ ಮುದ್ರಣಗಳು ಧಾರಾಳ ಸಿಗುತ್ತವೆ, ಮರದ ಕೆತ್ತನೆ ನೋಡಿ ಕಲಿಯಲು ಒಳ್ಳೇದು. ಕಥೆಯನ್ನು ಮಾತ್ರ ಸ್ವಲ್ಪ ಉಪ್ಪು ಕಮ್ಮಿ ಮಾಡಿಕೊಂಡು ಓದು, ಅವನಿಗೆ ಎಲ್ಲ ಎಂಜಿನಿಯರುಗಳೂ ಸಂತರು. ಜಾನ್ ಕುಕ್ ಬೋರ್ನ್‌ನ ರೈಲ್ವೆ ಲಿಥೋಗಳು, ಅದರಲ್ಲೂ 1839ರ ಲಂಡನ್-ಬರ್ಮಿಂಗ್‌ಹ್ಯಾಮ್ ಪುಸ್ತಕದ ಕಿಲ್ಸ್‌ಬಿ ಸುರಂಗದ ಚಿತ್ರ, ಬಾವಿಯಂಥ ಕಿಂಡಿಯಿಂದ ಬೆಳಕು ಕೆಳಗೆ ಸುರಿಯುತ್ತಿರುತ್ತದೆ, ಅದನ್ನು ಸದ್ಯಕ್ಕೆ ಪರದೆಯ ಮೇಲೆ ನೋಡು. ನಾಲ್ಕಂಕಿಯ ಪೌಂಡಿನ ಮಾತು ಅದು.

ಧಾರವಾಡದ_ಅಕ್ಕ

ನೀಲಿ ಪುಸ್ತಕ ಬಿಟ್ರಲ್ಲ! ತನಿಖೆ ವರದಿಗಳು ನೋಡಪ್ಪ. ಪಾರ್ಲಿಮೆಂಟಿಗೆ ಒಪ್ಪಿಸಿದ್ದವು, ನೀಲಿ ಕಾಗದದ ಹೊದಿಕೆ, ನೋಡಲಿಕ್ಕೆ ಬಡವಾಗಿ ಇರತಾವ. 1847ರಲ್ಲಿ ಚೆಸ್ಟರ್ ಹತ್ತಿರ ಡೀ ನದಿ ಮೇಲಿನ ಸ್ಟೀಫನ್‌ಸನ್ನನದೇ ಬೀಡು ಕಬ್ಬಿಣದ ಗರ್ಡರ್ ಮುರಿದು ರೈಲು ಬಿತ್ತು, ಐದು ಜನ ಸತ್ತರು. ಅದಾದ ಮೇಲೆ ಆಯೋಗ ಕೂತಿತು, 1849ರಲ್ಲಿ ವರದಿ ಬಂತು. ಅಂದರೆ ನಿಮ್ಮ ಫೇರ್‌ಬೇರ್ನ್ ಪುಸ್ತಕ ಬಂದ ವರ್ಷವೇ. ಇನ್ನೊಂದು ಸ್ಕಾಟ್ಲೆಂಡಿನ ಟೇ ಸೇತುವೆಯ 1880ರ ವರದಿ. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಎತ್ತರದ ಅಂಕಣಗಳು ರೈಲಿನ ಸಮೇತ ನದಿಗೆ ಬಿದ್ದವಲ್ಲ, ಅದು. ಎರಕದ ಕಂಬಗಳ ತೂತನ್ನ ಜೇನುಮೇಣ, ರಾಳ, ಕಬ್ಬಿಣದ ಪುಡಿ, ಕಾಡಿಗೆ ಕಲಸಿ ಮುಚ್ಚತಿದ್ದರು ಅನ್ನೋದು ವಿಚಾರಣೆಯೊಳಗ ಹೊರಬಿತ್ತು. ಮೇಲೆ ಬಣ್ಣ ಹೊಡೆದರೆ ಮುಗೀತು, ಕಲ್ಲಿನಂಗ ಕಾಣತದ. ಅದನ್ನ ಓದಿದ ಮೇಲೆ ನಮ್ಮ ಓಣಿಯ ಹೊಸ ಕಾಂಕ್ರೀಟ್ ರಸ್ತೆ ನೋಡಿ ನನಗೆ ನಗು ತಡೀಲಿಲ್ಲ.

ಕಬ್ಬಿಣದ_ಕಡಲೆ

ಅಕ್ಕ, ಟೇ ಬಿದ್ದದ್ದಕ್ಕೇ ಫೋರ್ತ್ ಸೇತುವೆ ಅಷ್ಟು ದಪ್ಪ ಆಯಿತು. ಟೇ ಕಟ್ಟಿದ ಥಾಮಸ್ ಬೌಚ್‌ನ ಕೈಯಲ್ಲೇ ಫೋರ್ತ್ ಕೆಲಸವೂ ಇತ್ತು, ಅವನ ನಕ್ಷೆ ಬಿಟ್ಟು ಫೌಲರ್ ಮತ್ತು ಬೇಕರ್‌ಗೆ ಕೊಟ್ಟರು. 1890ರ ಮಾರ್ಚ್ 4ರಂದು ಸೇತುವೆ ತೆರೆದರು, ದೊಡ್ಡ ಅಂಕಣ ಒಂದೊಂದೂ 1,710 ಅಡಿ. ಅದಕ್ಕೆ ನಾಲ್ಕೈದು ದಿನ ಮೊದಲು 'ಎಂಜಿನಿಯರಿಂಗ್' ಪತ್ರಿಕೆ ವೆಸ್ಟ್‌ಹೋಫನ್ ಬರೆದ ವಿಶೇಷ ಲೇಖನ ಹಾಕಿತು. ನಡುವಿನ ಇಂಚ್‌ಗಾರ್ವಿ ದ್ವೀಪದ ಕೆಲಸ ನೋಡಿಕೊಂಡವನೇ ಅವನು, ಹಾಗಾಗಿ ಕೂಲಿ, ಕೆಸರು, ಕ್ರೇನು ಎಲ್ಲ ಇದೆ. 1885ರ ಹೊಸ ವರ್ಷದ ದಿನ ಕ್ವೀನ್ಸ್‌ಫೆರಿ ಕಡೆಯ ಒಂದು ಕೈಸನ್ (ನೀರಿನೊಳಗೆ ಅಡಿಪಾಯ ಹಾಕಲು ಇಳಿಸುವ ದೊಡ್ಡ ಕಬ್ಬಿಣದ ಪೆಟ್ಟಿಗೆ) ವಾಲಿಕೊಂಡು ನೀರು ತುಂಬಿತು, ಎತ್ತಲು ಹತ್ತು ತಿಂಗಳು ಹಿಡಿಯಿತು. ಇವತ್ತಿಗೂ ನಮ್ಮ ಆಫೀಸಿನಲ್ಲಿ ಆ ಲೇಖನ ನೋಡುವವರಿದ್ದಾರೆ, ಸಂಗ್ರಹಕ್ಕಲ್ಲ, ಕೆಲಸಕ್ಕೆ.

ಸರಿ, ನಾಳೆ ಶುಕ್ರವಾರ. ಕನ್ನಡಿ ತಗೊಂಡು ಹೋಗುತ್ತೇನೆ.

ಸುಮ್ನೆ_ಓದೋನು

ಏನಾಯ್ತು ಸರ್? ಭಾನುವಾರ ಆಯಿತು. ನಾನೇ ಈಗ ಕಾಯುತ್ತಿದ್ದೇನೆ.

ಕಬ್ಬಿಣದ_ಕಡಲೆ

ಕ್ಷಮಿಸಿ, ಓದುತ್ತಾ ಕೂತುಬಿಟ್ಟೆ.

ಹೋದೆ, ಅಲ್ಲೇ ಸ್ಟೂಲ್ ಮೇಲೆ ಕೂತು ಪಟ್ಟಿ ಹಿಡಿದು ಎಣಿಸಿದೆ. ಒಂದು ಪ್ಲೇಟು ಕಮ್ಮಿ ಬಂತು. ಎದೆ ಧಸಕ್ ಅಂತು. ಮತ್ತೆ ಎಣಿಸಿದರೆ ಎರಡು ಪ್ಲೇಟುಗಳ ಮಡಿಕೆ ಒಂದರೊಳಗೊಂದು ಸಿಕ್ಕಿಕೊಂಡು ಒಂದೇ ಹಾಗೆ ಕಾಣುತ್ತಿತ್ತು. ಬಿಡಿಸುವಾಗ ಅಂಗಡಿಯವರ ಮುಖ ನೋಡಬೇಕಿತ್ತು, ಅವರೂ ಅದನ್ನು ಯಾವತ್ತೂ ತೆರೆದಿರಲಿಲ್ಲ. ಒಳಗಿನ ಪ್ಲೇಟು ಹಾಲಿನ ಹಾಗೆ ಬಿಳಿ, ಒಂದು ಕಂದು ಚುಕ್ಕೆಯೂ ಇಲ್ಲ. ಇನ್ನೊಂದು ಪ್ಲೇಟಿನ ಮಡಿಕೆ ಹರಿದಿದೆ, ಹಿಂದೆ ಯಾರೋ ಹಳೇ ಟೇಪು ಹಚ್ಚಿದ್ದಾರೆ, ತೀರ್ಥಹಳ್ಳಿಯವರು ನೊಂದುಕೊಳ್ಳುತ್ತೀರಿ. ಅದನ್ನು ತೋರಿಸಿ ಸ್ವಲ್ಪ ಇಳಿಸಿದೆ. ತಂದೆ.

ಮನೆಯಲ್ಲಿ ಊಟದ ಮೇಜಿನ ಮೇಲೆ ಒಂದು ಪ್ಲೇಟು ಬಿಡಿಸಿದೆ. ಹೆಂಡತಿ ಬಂದು ನೋಡಿ ಏನೂ ಹೇಳದೆ ಸಾರಿನ ಪಾತ್ರೆ ಎತ್ತಿಕೊಂಡು ಹೋಗಿ ದೂರ ಇಟ್ಟಳು. ಒಪ್ಪಿಗೆ ಅಂತ ತಿಳಿದುಕೊಂಡಿದ್ದೇನೆ.

ಇನ್ನೊಂದು ವಿಷಯ. ಪ್ರಯೋಗಗಳ ಕೋಷ್ಟಕ ಇರುವ ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನ ಲೆಕ್ಕ ಇದೆ. ಸಣ್ಣ, ನೀಟಾದ ಅಂಕಿಗಳು. ಹಿಂದಿನ ಮಾಲೀಕರು ಯಾರೋ ಕೊಳವೆ ಮುರಿಯುವ ಭಾರವನ್ನು ತಾವೇ ಲೆಕ್ಕ ಹಾಕಿ ನೋಡಿದ್ದಾರೆ. ಕೆಳಗೆ ಎರಡು ಗೆರೆ ಎಳೆದು ಉತ್ತರ ಬರೆದಿದ್ದಾರೆ. ಫೇರ್‌ಬೇರ್ನ್ ಕೊಟ್ಟ ಅಂಕಿಗೂ ಅದಕ್ಕೂ ತಾಳೆ ಇಲ್ಲ. ನಿನ್ನೆ ರಾತ್ರಿ ನಾನೂ ಕೂತು ಹಾಕಿದೆ, ನನ್ನದು ಮೂರನೇ ಉತ್ತರ.

ಬಿಇ_ಸಿವಿಲ್_ಫೈನಲ್

ಸರ್ ಆ ಪುಟದ ಫೋಟೋ ಹಾಕಿ, ನಾನೂ ಹಾಕಿ ನೋಡುತ್ತೇನೆ.

ಹಳೇ_ರಟ್ಟು

ಪೆನ್ಸಿಲ್ ಗುರುತು ರಬ್ಬರಿನಲ್ಲಿ ಅಳಿಸಬೇಡಿ!! ಮೊದಲು ಅದನ್ನು ಹೇಳಬೇಕಿತ್ತು.

ಕಬ್ಬಿಣದ_ಕಡಲೆ

ಇಲ್ಲ ಸರ್, ಅಳಿಸಲ್ಲ. ಫೋಟೋ ನಾಳೆ ಮಧ್ಯಾಹ್ನ ಹಾಕುತ್ತೇನೆ ತಮ್ಮ. ಇಲ್ಲಿ ಈಗ ನಾಲ್ಕು ಗಂಟೆಗೇ ಕತ್ತಲು, ಪೆನ್ಸಿಲ್ ಗೆರೆ ಲೈಟಿನಲ್ಲಿ ಕಾಣಿಸುವುದಿಲ್ಲ.